‘ರಕ್ತ ಕಡಿಮೆ’

ನಮ್ಮ ಮನೆತನದ ಹೆಂಗಸರಿಗೆ ‘ರಕ್ತ ಕಡಿಮೆ’ ಎನ್ನುವುದು ಒಂದು ಕಾಯಿಲೆ ಎಂದು ಎಂದೂ ಅನ್ನಿಸಿದ್ದಿಲ್ಲ. ಅಜ್ಜಿಗೆ ರಕ್ತ ಕಡಿಮೆ ಇತ್ತು, ಅಮ್ಮನಿಗೆ ಇತ್ತು, ನನಗೆ ಎರಡು ಬಾಣಂತನದಲ್ಲೂ ಇತ್ತು. ಅಜ್ಜಿಯ ಬುಗುಡಿ, ಅಮ್ಮನ ಎರಡೆಳೆ ಸರದ ಜೊತೆಗೆ ಇದೂ ಒಂದು ಬಳುವಳಿ ಎಂಬಂತೆ ಒಪ್ಪಿಕೊಂಡಿದ್ದೆವು. ಹಾಗಾಗಿ 2018ರ ದೀಪಾವಳಿ ಮುಗಿದ ಮೇಲೆ ತಿಪಟೂರಿನಿಂದ ತಂಗಿ ಫೋನು ಮಾಡಿ, ‘ಅಕ್ಕಾ, ಮಹಡಿ ಮೆಟ್ಟಿಲು ಹತ್ತೋಕೆ ಆಗ್ತಿಲ್ಲ ಕಣೆ, ಮಧ್ಯದಲ್ಲಿ ಕೂತುಬಿಡ್ತೀನಿ’ ಎಂದಾಗ ನಾನು ಹೇಳಿದ್ದು ಇಷ್ಟೇ: ‘ರಕ್ತ ಕಡಿಮೆ ಆಗಿರಬೇಕು, ದಾಳಿಂಬೆ ತಿನ್ನು.’

ಅಲ್ಲಿನ ಒಂದು ಕ್ಲಿನಿಕ್ಕಿನಲ್ಲೂ ಅದನ್ನೇ ಹೇಳಿದರಂತೆ. ಹಿಮೋಗ್ಲೋಬಿನ್ ಎಂಟು ಚಿಲ್ಲರೆ. ‘ಹೆಂಗಸರಿಗೆ ಇದ್ದದ್ದೇ ಅಲ್ವೇನಮ್ಮ’ ಎಂದು ಕಬ್ಬಿಣದ ಮಾತ್ರೆ ಬರೆದುಕೊಟ್ಟರು. ಅವಳು ಆರು ತಿಂಗಳು ನುಂಗಿದಳು. ರಕ್ತ ಏರಲಿಲ್ಲ, ಬದಲಿಗೆ ಮುಖ ಮಾತ್ರ ಒಂದು ಥರ ಬಿಳಿಚಿ ಊದಿಕೊಂಡಿತು. ಎರಡನೆಯ ಬಸುರಿನಲ್ಲಿ ಏರಿದ್ದ ಅವಳ ಬಿ.ಪಿ. ಆಮೇಲೆ ಇಳಿಯಿತೋ ಇಲ್ಲವೋ ಎಂದು ಹದಿನೆಂಟು ವರ್ಷ ಯಾರೂ ನೋಡಿರಲಿಲ್ಲ. ನಾನೂ ಕೇಳಿರಲಿಲ್ಲ. ಅತ್ತೆಮನೆಯಲ್ಲಿ ಅವಳಿಗೆ ‘ಮಧ್ಯಾಹ್ನ ಮಲಗುವ ಸೊಸೆ’ ಎಂಬ ಬಿರುದು ಸಿಕ್ಕಿತ್ತು. ಆ ಮಾತು ನನ್ನ ಕಿವಿಗೂ ಬಿದ್ದಿತ್ತು. ನಿಜ ಹೇಳಬೇಕೆಂದರೆ ಸ್ವಲ್ಪ ಮಟ್ಟಿಗೆ ನಾನೂ ನಂಬಿದ್ದೆ. ಚಿಕ್ಕಂದಿನಿಂದಲೂ ಅವಳಿಗೆ ನಿದ್ದೆ ಜಾಸ್ತಿ.

2019ರ ಬೇಸಿಗೆ ರಜೆಗೆ ಅವಳನ್ನು ತುಮಕೂರಿಗೆ, ನಮ್ಮ ಮನೆಗೆ ಕರೆಸಿಕೊಂಡೆ. ನಾನು ಮೇಷ್ಟ್ರ ಮಗಳು, ನಾನೂ ಮೇಡಂ. ಒಂದು ಕೆಲಸ ಹಿಡಿದರೆ ವೇಳಾಪಟ್ಟಿ ಹಾಕಿಕೊಂಡೇ ಮಾಡುವವಳು. ಬೆಳಿಗ್ಗೆ ದಾಳಿಂಬೆ ರಸ, ಹತ್ತು ಗಂಟೆಗೆ ಎಳನೀರು, ಊಟಕ್ಕೆ ನುಗ್ಗೆಸೊಪ್ಪು ಅಥವಾ ಬಸಳೆ, ಸಂಜೆ ಬೀಟ್‌ರೂಟು, ರಾತ್ರಿ ಮಲಗುವಾಗ ಖರ್ಜೂರ. ತಿಪಟೂರಿನ ಎಳನೀರೆಂದರೆ ಕೇಳಬೇಕೆ, ಅವಳ ಮೈದುನ ರೈಲಿನಲ್ಲಿ ಚೀಲ ಚೀಲವೇ ಕಳಿಸಿದ. ಹನ್ನೊಂದನೆಯ ದಿನ ಬೆಳಿಗ್ಗೆ ಅವಳು ಹಾಸಿಗೆಯಿಂದ ಎದ್ದು ನಿಲ್ಲಲು ಹೋದರೆ ಕಾಲು ನಿಲ್ಲಲಿಲ್ಲ. ಎದೆ ಒಮ್ಮೆ ಜೋರಾಗಿ ಹೊಡೆದುಕೊಂಡು ಒಮ್ಮೆ ನಿಂತೇಹೋದಂತಾಗುತ್ತದೆ ಎಂದಳು. ಆಟೋದಲ್ಲಿ ನನ್ನ ಮೇಲೆ ಒರಗಿದ್ದವಳ ಕೈ ತಣ್ಣಗಿತ್ತು.

ಆಸ್ಪತ್ರೆಯಲ್ಲಿ ರಕ್ತಪರೀಕ್ಷೆಯ ಚೀಟಿ ನೋಡುತ್ತಲೇ ಆ ಚಿಕ್ಕ ವಯಸ್ಸಿನ ಡಾಕ್ಟರು ಕೇಳಿದರು: ‘ಇವರಿಗೆ ಎಳನೀರು ಕೊಟ್ಟಿದ್ದು ಯಾರು?’

ಎರಡೂ ಮೂತ್ರಪಿಂಡಗಳು ಬಹಳ ಹಿಂದೆಯೇ ಸೋತಿದ್ದವು. ಸೋತ ಮೂತ್ರಪಿಂಡ ಪೊಟ್ಯಾಸಿಯಂ ಅನ್ನು ಹೊರಹಾಕಲಾರದು. ರಕ್ತದಲ್ಲಿ ಅದು ಹೆಚ್ಚಾದರೆ ಹೃದಯದ ತಾಳ ತಪ್ಪಿ, ನಿಂತೇ ಹೋಗಬಹುದು. ಎಳನೀರು, ದಾಳಿಂಬೆ, ಬೀಟ್‌ರೂಟು, ಸೊಪ್ಪು, ಖರ್ಜೂರ ಇವೆಲ್ಲ ಪೊಟ್ಯಾಸಿಯಂನ ಗಣಿಗಳೇ. ನನ್ನ ಅಕ್ಕರೆಯ ಪಟ್ಟಿಯಲ್ಲಿದ್ದ ಒಂದೊಂದನ್ನೂ ಆ ಡಾಕ್ಟರು ಬೆರಳು ಮಡಚಿ ಎಣಿಸಿದಾಗ ನನಗೆ ಆಸ್ಪತ್ರೆಯ ನೆಲ ಕುಸಿದಂತಾಯಿತು. ಅವಳ ಜೀವ ಉಳಿಯಿತು. ಅಂದು ರಾತ್ರಿಯೇ ಕುತ್ತಿಗೆಯ ನರಕ್ಕೆ ಕೊಳವೆ ಹಾಕಿ ಡಯಾಲಿಸಿಸ್ ಮಾಡಿದರು. ಆದರೆ ‘ರಕ್ತ ಕಡಿಮೆ’ ಎಂಬ ಎರಡು ಪದಗಳ ಮೇಲೆ ನನಗೆ ಅಂದು ಹುಟ್ಟಿದ ಸಿಟ್ಟು ಇಂದಿಗೂ ಇಳಿದಿಲ್ಲ. ಕ್ರಿಯಾಟಿನಿನ್ ಎಂಬ ಒಂದು ಪರೀಕ್ಷೆಯನ್ನು, ಒಂದೇ ಒಂದು ಸಲ, ಯಾರಾದರೂ ಆ ಆರು ತಿಂಗಳಲ್ಲಿ ಬರೆದುಕೊಟ್ಟಿದ್ದರೆ ಗೊತ್ತಾಗಿಬಿಡುತ್ತಿತ್ತು.

ಆ ವಾರ ಬಂದ ವರದಿಗಳಲ್ಲಿ ಒಂದರಲ್ಲಿ, ರಕ್ತದ ಹನಿಯನ್ನು ಗಾಜಿನ ಮೇಲೆ ಹಚ್ಚಿ ನೋಡಿದ್ದರ ವಿವರವಿತ್ತು. ಅದರಲ್ಲಿ ‘ಬರ್ ಸೆಲ್ಸ್’ ಎಂಬ ಪದ. ನಾನು ಓದಿದ್ದು ಬಿ.ಎ., ಇತಿಹಾಸ ಮತ್ತು ಐಚ್ಛಿಕ ಕನ್ನಡ. ವಿಜ್ಞಾನ ಬಿಟ್ಟದ್ದು ಎಸ್ಸೆಸ್ಸೆಲ್ಸಿಗೇ. ಜೂನಿನಲ್ಲಿ ಶಾಲೆ ತೆರೆದಾಗ ಆ ಚೀಟಿಯನ್ನು ನಮ್ಮ ಸ್ಟಾಫ್‌ರೂಮಿನ ವಿಜ್ಞಾನದ ಮೇಡಂ ಮುಂದೆ ಇಟ್ಟೆ. ಅವರು ಪುಸ್ತಕದಲ್ಲಿ ಚಿತ್ರ ತೋರಿಸಿದರು. ನಮ್ಮೆಲ್ಲರ ಕೆಂಪು ರಕ್ತಕಣ ಹೇಗಿರುತ್ತದೆ? ನಡುವೆ ಬೆರಳಿನಿಂದ ಒತ್ತಿದ ಉದ್ದಿನವಡೆಯ ಹಾಗೆ, ಆದರೆ ತೂತಿಲ್ಲ. ಚಿತ್ರದಲ್ಲಿದ್ದದ್ದು ಮೈತುಂಬ ಸಣ್ಣ ಸಣ್ಣ ಮುಳ್ಳೆದ್ದ ಕಣ. ಥೇಟ್ ಮಾಡಹಾಗಲಕಾಯಿ! ಮೂತ್ರಪಿಂಡ ಸೋತವರ ರಕ್ತದಲ್ಲಿ ಇಂಥವು ಕಾಣಿಸಿಕೊಳ್ಳುತ್ತವಂತೆ. ‘ಮುಳ್ಳು ಯಾಕೆ ಬರುತ್ತೆ?’ ಎಂದೆ. ‘ಅದರ ಪೊರೆ ಕೆಟ್ಟಿರುತ್ತೆ ಮೇಡಂ’ ಎಂದರು.

ಅಲ್ಲಿಂದ ಶುರುವಾಯಿತು ನೋಡಿ ನನ್ನ ಎರಡನೆಯ ವಿದ್ಯಾಭ್ಯಾಸ. ವಾರಕ್ಕೆ ಮೂರು ದಿನ, ದಿನಕ್ಕೆ ನಾಲ್ಕು ಗಂಟೆ ತಂಗಿಯ ಪಕ್ಕ ಸ್ಟೂಲಿನ ಮೇಲೆ ಕೂತು ಮಾಡುವುದಾದರೂ ಏನು? ಮೊದಮೊದಲು ಸ್ವೆಟರ್ ಹೆಣೆದೆ. ಆಮೇಲೆ ಡಾಕ್ಟರನ್ನು, ಟೆಕ್ನಿಷಿಯನ್ ಹುಡುಗನನ್ನು, ವಿಜ್ಞಾನದ ಮೇಡಂ ಅವರನ್ನು ಸರದಿಯ ಮೇಲೆ ಪೀಡಿಸತೊಡಗಿದೆ.

ಕೆಂಪು ಕಣದ ಪೊರೆ ಅಂದರೆ ಮುಖ್ಯವಾಗಿ ಜಿಡ್ಡು, ವಿಜ್ಞಾನಿಗಳ ಭಾಷೆಯಲ್ಲಿ ಲಿಪಿಡ್, ಮತ್ತು ಅದರೊಳಗೆ ನೆಟ್ಟ ಪ್ರೋಟೀನುಗಳು. ಜಿಡ್ಡಿನ ಪದರ ಎಷ್ಟು ದಪ್ಪ ಎಂದು ಕಂಡುಹಿಡಿದ ಕಥೆ ನನಗೆ ತುಂಬಾ ಹಿಡಿಸಿತು. 1925ರಲ್ಲಿ ಹಾಲೆಂಡಿನ ಗಾರ್ಟರ್ ಮತ್ತು ಗ್ರೆಂಡೆಲ್ ಎಂಬಿಬ್ಬರು ರಕ್ತಕಣಗಳ ಜಿಡ್ಡನ್ನು ಅಸಿಟೋನಿನಲ್ಲಿ ಕರಗಿಸಿ ತೆಗೆದು ನೀರಿನ ಮೇಲೆ ಹರಡಿದರು. ಸಾರಿನ ಮೇಲೆ ಒಗ್ಗರಣೆಯ ಎಣ್ಣೆ ಹರಡಿಕೊಳ್ಳುವುದಿಲ್ಲವೇ, ಹಾಗೆ. ಅಳೆದು ನೋಡಿದರೆ ಆ ಹಾಳೆಯ ವಿಸ್ತಾರ ಕಣಗಳ ಮೈಯ ವಿಸ್ತಾರಕ್ಕೆ ಎರಡರಷ್ಟಿತ್ತು. ಅಂದರೆ ಪೊರೆಯಲ್ಲಿ ಜಿಡ್ಡಿನದು ಎರಡು ಪದರ! ತಮಾಷೆಯೆಂದರೆ, ಜಿಡ್ಡು ಪೂರ್ತಿ ಕರಗಿ ಬಂದಿರಲಿಲ್ಲ, ಕಣದ ಮೈ ವಿಸ್ತಾರವನ್ನೂ ಅವರು ಕಡಿಮೆ ಲೆಕ್ಕ ಹಾಕಿದ್ದರು. ಎರಡು ತಪ್ಪು ಒಂದನ್ನೊಂದು ಹೊಡೆದುಹಾಕಿ ಉತ್ತರ ಸರಿಯಾಯಿತು. ಹೆಜ್ಜೆ ತಪ್ಪಿ ಉತ್ತರ ಸರಿ ಬಂದ ಮಗುವಿಗೆ ನಮ್ಮ ಗಣಿತದ ಮೇಷ್ಟ್ರು ಅರ್ಧ ಅಂಕವನ್ನೂ ಕೊಡುವುದಿಲ್ಲ.

ಈ ಎರಡು ಪದರಗಳು ಒಂದೇ ಥರದವಲ್ಲ. ಒಳ್ಳೆಯ ಸೀರೆಗೆ ಒಳಮೈ ಹೊರಮೈ ಇರುವಂತೆ. ಫಾಸ್ಫಟೈಡಿಲ್‌ಸೆರಿನ್ ಎಂಬ ಒಂದು ಜಿಡ್ಡು ಯಾವಾಗಲೂ ಒಳಮೈಯಲ್ಲೇ ಇರಬೇಕು. ಹೊರಗೆ ಇಣುಕಿದರೆ ಅದನ್ನು ಹಿಡಿದು ಒಳಗೆ ತಳ್ಳಲೆಂದೇ ಪೊರೆಯಲ್ಲಿ ಒಂದು ಪ್ರೋಟೀನು ಕಾದಿರುತ್ತದೆ. ಅದೂ ಸೋತು ಈ ಜಿಡ್ಡು ಹೊರಮೈಗೆ ಬಂದು ನಿಂತಿತೆಂದರೆ, ‘ಈ ಕಣದ ಕಾಲ ಮುಗಿಯಿತು’ ಎಂಬುದರ ಗುರುತು. ಗುಲ್ಮದಲ್ಲಿ ಕಾದಿರುವ ದೊಡ್ಡ ಕಣಗಳು ಅದನ್ನು ನುಂಗಿಹಾಕುತ್ತವೆ. ಒಂದು ಕೆಂಪು ಕಣ ಸಾಮಾನ್ಯವಾಗಿ 120 ದಿನ ಬದುಕುತ್ತದೆ. ತನಗಿಂತ ಕಿರಿದಾದ ನಾಳಗಳಲ್ಲಿ ಮೈ ಹಿಂಡಿಕೊಂಡು ತೂರುತ್ತ, ಅಷ್ಟೂ ದಿನ ದುಡಿಯುತ್ತದೆ. ಅದಕ್ಕೆ ಕೋಶಕೇಂದ್ರವೇ ಇಲ್ಲವಂತೆ. ಹಾಗಾಗಿ ಹೊಸ ಪ್ರೋಟೀನಾಗಲಿ ಹೊಸ ಜಿಡ್ಡಾಗಲಿ ತಯಾರಿಸಿಕೊಳ್ಳಲು ಬಾರದು. ತವರಿನಿಂದ, ಅಂದರೆ ಎಲುಬಿನ ಮಜ್ಜೆಯಿಂದ ಉಟ್ಟು ಬಂದ ಸೀರೆಯಲ್ಲೇ ಅದರ ಬಾಳು ಕಳೆಯಬೇಕು.

ಮೂತ್ರಪಿಂಡ ಸೋತಾಗ ಈ ಸೀರೆಗೆ ಏನಾಗುತ್ತದೆ? ಒಂದು, ಕಮಟು ಹಿಡಿಯುತ್ತದೆ. ಇದು ನನ್ನ ಉಪಮೆಯಲ್ಲ. ರಸಾಯನಶಾಸ್ತ್ರದ ಪ್ರಕಾರ ಅದೇ ಕ್ರಿಯೆ. ಹುಚ್ಚೆಳ್ಳಿನ ಪುಡಿ, ಕಡಲೆಬೀಜದ ಪುಡಿ ಡಬ್ಬಿಯಲ್ಲಿ ಹೆಚ್ಚು ದಿನ ಉಳಿದರೆ ಗಾಳಿಯ ಆಮ್ಲಜನಕ ಅದರ ಎಣ್ಣೆಯನ್ನು ಕೆಡಿಸುತ್ತದಲ್ಲ, ಪೊರೆಯ ಜಿಡ್ಡೂ ಆ ಜಾತಿಯದೇ. ಕೆಂಪು ಕಣದ ಹೊಟ್ಟೆಯೊಳಗೆ ಕಬ್ಬಿಣವೂ ಇದೆ, ಆಮ್ಲಜನಕವೂ ಇದೆ. ಆರೋಗ್ಯವಂತರಲ್ಲಿ ಇದನ್ನು ತಡೆಯುವ ವ್ಯವಸ್ಥೆ ಗಟ್ಟಿಯಾಗಿರುತ್ತದೆ, ಇವರಲ್ಲಿ ಸೊರಗಿರುತ್ತದೆ. ಕೆಟ್ಟ ಜಿಡ್ಡಿನಿಂದ ಹುಟ್ಟುವ ವಸ್ತುವೊಂದು ಪಕ್ಕದ ಅಣುಗಳನ್ನು ಒಂದಕ್ಕೊಂದು ಹೊಲಿದುಬಿಡುತ್ತದೆ. ಅದರ ಹೆಸರು ಮ್ಯಾಲೊನ್‌ಡೈಆಲ್ಡಿಹೈಡ್. ಈ ಹೆಸರು ಬಾಯಿಪಾಠವಾಗಲು ನನಗೆ ಒಂದು ವಾರ ಹಿಡಿಯಿತು. ಹೊಲಿದ ಬಟ್ಟೆ ಬಿರುಸಾಗುತ್ತದೆ. ಬಿರುಸಾದ ಕಣ ಸಣ್ಣ ನಾಳದಲ್ಲಿ ಬಾಗಲಾರದು.

ಇನ್ನೊಂದು ಯೂರಿಯಾದ್ದು. ಹೊಲಕ್ಕೆ ಚೆಲ್ಲುವ ಯೂರಿಯಾವೇ, ನಮ್ಮ ಮೈಯಲ್ಲೂ ದಿನವೂ ತಯಾರಾಗಿ ಮೂತ್ರದಲ್ಲಿ ಹೋಗುತ್ತದೆ. ಹೋಗದೆ ರಕ್ತದಲ್ಲೇ ಉಳಿದರೆ ಅದರಲ್ಲಿ ಒಂದು ಪಾಲು ಮೆಲ್ಲಗೆ ಸಯನೇಟ್ ಆಗುತ್ತದೆ. 1828ರಲ್ಲಿ ವೋಲರ್ ಎಂಬ ಜರ್ಮನ್ ವಿಜ್ಞಾನಿ ಅಮೋನಿಯಂ ಸಯನೇಟಿನಿಂದ ಯೂರಿಯಾ ತಯಾರಿಸಿ ಹೆಸರಾದರು. ಇದು ಅದೇ ದಾರಿಯಲ್ಲಿ ಹಿಂದಕ್ಕೆ ನಡೆದಂತೆ. ಈ ಸಯನೇಟ್ ಉತ್ತರಾಣಿ ಬೀಜದ ಹಾಗೆ ಸಿಕ್ಕಿದ್ದಕ್ಕೆಲ್ಲ ಅಂಟಿಕೊಳ್ಳುತ್ತದೆ. ಹಿಮೋಗ್ಲೋಬಿನ್ನಿಗೂ ಅಂಟುತ್ತದೆ, ಪೊರೆಯ ಜಿಡ್ಡಿನ ಕೆಲವು ಅಣುಗಳ ತಲೆಗೂ ಅಂಟುತ್ತದೆ. ಇಷ್ಟೆಲ್ಲ ಆದಮೇಲೆ ಆ ಕಣ 120 ದಿನ ಎಲ್ಲಿ ಬಾಳೀತು? ಅರವತ್ತೋ ಎಂಬತ್ತೋ ದಿನಕ್ಕೆ ಮುಗಿದುಹೋಗುತ್ತದೆ.

ಇದನ್ನೆಲ್ಲ ತಂಗಿಗೆ ನಾನು ಹೇಳುತ್ತಲೇ ಇದ್ದೆ. ಅವಳು ಕಣ್ಣು ಮುಚ್ಚಿಕೊಂಡು ‘ಹ್ಞೂಂ’ ಅನ್ನುತ್ತಿದ್ದಳು. ಕೇಳುತ್ತಿದ್ದಳೋ ನಿದ್ದೆಯೋ ತಿಳಿಯುತ್ತಿರಲಿಲ್ಲ. ಅವಳು ಎದ್ದು ಕೂತದ್ದು ಒಂದೇ ಒಂದು ಸಂಗತಿಗೆ.

ಅದನ್ನು ಡಾಕ್ಟರು ನನಗೆ ರೌಂಡ್ಸ್ ಮುಗಿಸಿ ಹೊರಡುವಾಗ, ಬಾಗಿಲಲ್ಲಿ ನಿಂತು ಹೇಳಿದ್ದು. 1950ರ ದಶಕದಲ್ಲಿ ಒಂದು ಪ್ರಯೋಗ ನಡೆದಿತ್ತಂತೆ. ಮೂತ್ರಪಿಂಡ ಸೋತವರ ಕೆಂಪು ಕಣಗಳಿಗೆ ಗುರುತು ಹಾಕಿ ಆರೋಗ್ಯವಂತರ ಮೈಗೆ ಹಾಯಿಸಿದರು. ಆರೋಗ್ಯವಂತರ ಕಣಗಳನ್ನು ರೋಗಿಗಳಿಗೆ ಹಾಯಿಸಿದರು. ಆಮೇಲೆ ಯಾವುದು ಎಷ್ಟು ದಿನ ಬದುಕುತ್ತದೆ ಎಂದು ಕಾದರು. ಆರೋಗ್ಯವಂತರ ಗಟ್ಟಿಮುಟ್ಟಾದ ಕಣಗಳು ರೋಗಿಯ ಮೈಯಲ್ಲಿ ಬೇಗ ಸತ್ತವು. ರೋಗಿಯ ಕಣಗಳು ಆರೋಗ್ಯವಂತರ ಮೈಯಲ್ಲಿ ಎಲ್ಲರಂತೆ ಬಾಳಿದವು! 1999ರಲ್ಲಿ ಇಟಲಿಯ ಸಂಶೋಧಕರು ಗಾಜಿನ ನಳಿಕೆಯಲ್ಲಿ ಇದೇ ಥರದ್ದು ಕಂಡರು. ಒಳ್ಳೆಯ ಕಣಗಳನ್ನು ರೋಗಿಗಳ ರಕ್ತದ ನೀರಿನಲ್ಲಿ ಇಟ್ಟರೆ ಒಳಗಿರಬೇಕಾದ ಆ ಜಿಡ್ಡು ಹೊರಗೆ ಬಂತು.

‘ಅಂದ್ರೆ ನನ್ನ ರಕ್ತದ್ದೇನೂ ತಪ್ಪಿಲ್ಲ?’ ಎಂದಳು ತಂಗಿ.

‘ಇಲ್ಲ. ಅದು ಇರೋ ಜಾಗದ್ದು.’

ಅವಳು ಸುಮ್ಮನೆ ಸೂರು ನೋಡಿದಳು. ಯಂತ್ರದಲ್ಲಿ ರಕ್ತ ಗಿರಗಿರ ಸುತ್ತುತ್ತಿತ್ತು. ಸ್ವಲ್ಪ ಹೊತ್ತಾದ ಮೇಲೆ, ‘ಇದನ್ನ ನಮ್ಮತ್ತೆಗೆ ಯಾರಾದ್ರೂ ಹೇಳಬೇಕಿತ್ತು’ ಎಂದು ನಕ್ಕಳು. ಅವಳ ಅತ್ತೆ ಆ ವೇಳೆಗಾಗಲೇ ತೀರಿಕೊಂಡಿದ್ದರು. ನಾನೂ ನಕ್ಕೆ, ಆದರೆ ನನಗೆ ನೆನಪಾದದ್ದು ಅವರತ್ತೆಯಲ್ಲ. ಅವಳ ಮಧ್ಯಾಹ್ನದ ನಿದ್ದೆಯ ಬಗ್ಗೆ ಒಮ್ಮೆ ನಾನೇ ಅಮ್ಮನ ಮುಂದೆ ಆಡಿದ್ದ ಮಾತು.

ಹಾಗೆಂದು ಪೂರ್ತಿ ದೋಷ ಪೊರೆಯ ಮೇಲೆ ಹೊರಿಸಬಾರದು. ದೊಡ್ಡ ಕಾರಣ ಬೇರೆಯೇ ಇದೆ. ಕೆಂಪು ಕಣ ತಯಾರಿಸು ಎಂದು ಮಜ್ಜೆಗೆ ಹೇಳಿಕಳಿಸುವ ಎರಿಥ್ರೊಪೊಯಟಿನ್ ಎಂಬ ಹಾರ್ಮೋನು ತಯಾರಾಗುವುದೇ ಮುಖ್ಯವಾಗಿ ಮೂತ್ರಪಿಂಡದಲ್ಲಿ. ಅದು ಸೋತರೆ ಹೇಳಿಕಳಿಸುವವರಿಲ್ಲ. ಹೊಸದು ಹುಟ್ಟುವುದು ಕಡಿಮೆ, ಹುಟ್ಟಿದ್ದು ಬಾಳುವುದೂ ಕಡಿಮೆ. ಬರೀ ಕಬ್ಬಿಣದ ಮಾತ್ರೆ ಏನು ತಾನೇ ಮಾಡೀತು? 1985ರಲ್ಲಿ ಆ ಹಾರ್ಮೋನಿನ ಜೀನನ್ನು ಬೇರ್ಪಡಿಸಿ, 1989ರಿಂದ ಅಮೆರಿಕದಲ್ಲಿ ಚುಚ್ಚುಮದ್ದಾಗಿ ಕೊಡತೊಡಗಿದರು. ಅದಕ್ಕೆ ಮುಂಚೆ ಇಂಥ ರೋಗಿಗಳಿಗೆ ಪದೇ ಪದೇ ಬೇರೆಯವರ ರಕ್ತ ಹಾಕಬೇಕಿತ್ತು. ಹಾಗೆ ಹಾಕಿದಷ್ಟೂ ಮುಂದೆ ಬದಲಿ ಮೂತ್ರಪಿಂಡ ಹೊಂದುವುದು ಕಷ್ಟ. ಈಗ ತಂಗಿಗೆ ಡಯಾಲಿಸಿಸ್ ಮುಗಿದ ಮೇಲೆ ಆ ಸೂಜಿ, ಬೇಕಾದಾಗ ನರಕ್ಕೆ ಕಬ್ಬಿಣ. ಹಿಮೋಗ್ಲೋಬಿನ್ ಹತ್ತಕ್ಕೆ ಬಂದಾಗ ನಾನು ಇನ್ನೂ ಏರಿಸಿ ಎಂದು ದುಂಬಾಲು ಬಿದ್ದೆ. ಹತ್ತು ಹನ್ನೊಂದು ಸಾಕು, ಹೆಚ್ಚು ಏರಿಸಿದರೆ ಪಾರ್ಶ್ವವಾಯುವಿನ ಭಯ ಎಂದರು. ಎಳನೀರಿನ ಪಾಠ ಒಮ್ಮೆ ಕಲಿತದ್ದರಿಂದ ಬಾಯಿ ಮುಚ್ಚಿಕೊಂಡೆ.

ಟೆಕ್ನಿಷಿಯನ್ ಹುಡುಗ ಹೇಳಿಕೊಟ್ಟದ್ದು ನೀರಿನ ಪಾಠ. ಒಂದು ಸಲದ ಡಯಾಲಿಸಿಸ್‌ಗೆ ಸುಮಾರು 120 ಲೀಟರ್ ನೀರು ಬೇಕು. ಆ ನೀರಿಗೂ ರಕ್ತಕ್ಕೂ ನಡುವೆ ಕೂದಲಿಗಿಂತ ತೆಳುವಾದ ಗೋಡೆ. ಕುಡಿಯುವ ನೀರಿಗೆ ನಾವು ಕ್ಲೋರಿನ್ ಹಾಕುತ್ತೇವೆ, ಅದು ಅಮೋನಿಯಾದ ಜೊತೆ ಸೇರಿದರೆ ಕ್ಲೋರಮೀನ್. ಕುಡಿದರೆ ತೊಂದರೆಯಿಲ್ಲ. ಆದರೆ ಡಯಾಲಿಸಿಸ್ ಯಂತ್ರದ ಮೂಲಕ ರಕ್ತಕ್ಕೆ ತಗುಲಿದರೆ ಕೆಂಪು ಕಣಗಳನ್ನು ಕೆಡಿಸಿ ಒಡೆದುಹಾಕುತ್ತದೆ. 1970ರ ದಶಕದಲ್ಲೇ ಇದು ಬೆಳಕಿಗೆ ಬಂದಿತ್ತು. ಅದಕ್ಕೇ ನೀರು ಮೊದಲು ಇದ್ದಿಲಿನ ದೊಡ್ಡ ಟ್ಯಾಂಕುಗಳನ್ನು ಹಾಯ್ದು ಬರಬೇಕು. ಆ ಹುಡುಗ ದಿನವೂ ಬೆಳಿಗ್ಗೆ ನೀರನ್ನು ಪರೀಕ್ಷೆ ಮಾಡಿ ಪುಸ್ತಕದಲ್ಲಿ ಬರೆಯುತ್ತಾನೆ. ಯಾವ ರೋಗಿಯೂ ಆ ಪುಸ್ತಕ ನೋಡುವುದಿಲ್ಲ. ನಾನು ನೋಡುತ್ತೇನೆ. ಹಾಜರಿ ಪುಸ್ತಕ ನೋಡಿ ಅಭ್ಯಾಸವಾದ ಕಣ್ಣು. ಅವನಿಗೆ ಮೊದಲು ಕಿರಿಕಿರಿಯಾಗಿತ್ತು, ಈಗ ನಾನು ಬಂದ ಕೂಡಲೇ ತಾನೇ ತೆಗೆದು ತೋರಿಸುತ್ತಾನೆ.

2020ರ ಲಾಕ್‌ಡೌನಿನಲ್ಲಿ ರೈಲು ನಿಂತಾಗ ತಂಗಿ ನಮ್ಮ ಮನೆಗೇ ಬಂದು ಉಳಿದಳು. ಅವಳ ಗಂಡ ವಾರಕ್ಕೊಮ್ಮೆ ಬಂದು ಹೋಗುತ್ತಾರೆ. ಒಳ್ಳೆಯವರೇ, ಮಾತು ಕಡಿಮೆ. ಮೂತ್ರಪಿಂಡ ಕೊಡುವ ಮಾತು ಬಂದಾಗ ಅವರ ರಕ್ತದ ಗುಂಪು ಹೊಂದಲಿಲ್ಲ. ನನ್ನದು ಹೊಂದಿತು. ಕೊಟ್ಟೇಬಿಡುತ್ತೇನೆ ಎಂದು ಹೋದೆ, ನನ್ನೊಳಗೆ ಅಡಗಿ ಕೂತಿದ್ದ ಸಕ್ಕರೆ ಕಾಯಿಲೆ ಪರೀಕ್ಷೆಯಲ್ಲಿ ಹೊರಗೆ ಬಂತು. ಬೇಡ ಎಂದರು. ಜೀವಸಾರ್ಥಕತೆಯಲ್ಲಿ ಅವಳ ಹೆಸರು ನೋಂದಾಯಿಸಿದ್ದೇವೆ, ಕಾಯುತ್ತಿದ್ದೇವೆ. ಅಂದಹಾಗೆ ಆ ವಾರ್ಡಿನಲ್ಲಿ ಕೂತು ನಾನು ಗಮನಿಸಿದ್ದೊಂದಿದೆ. ಮಂಚದ ಮೇಲೆ ಮಲಗಿರುವವರಲ್ಲಿ ಹೆಚ್ಚಿನವರು ಗಂಡಸರು, ‘ನಾನು ಕೊಡ್ತೀನಿ’ ಎಂದು ಹೊರಗಿನ ಬೆಂಚಿನ ಮೇಲೆ ಫೈಲು ಹಿಡಿದು ಕೂತವರು ಹೆಂಡತಿಯರು, ತಾಯಂದಿರು. ಹೆಂಗಸರಿಗೆ ಮೂತ್ರಪಿಂಡದ ಕಾಯಿಲೆ ಬರುವುದು ಅಷ್ಟು ಅಪರೂಪವೇ? ಅಥವಾ ಅವರೆಲ್ಲ ಎಲ್ಲೋ ಮನೆಯಲ್ಲಿ ಕಬ್ಬಿಣದ ಮಾತ್ರೆ ನುಂಗುತ್ತ ಮೆಟ್ಟಿಲ ಮಧ್ಯೆ ಕೂತಿದ್ದಾರೋ?

ನಮ್ಮ ಅಡಿಗೆಮನೆ ಈಗ ಬದಲಾಗಿದೆ. ತರಕಾರಿ ಸಣ್ಣಗೆ ಹೆಚ್ಚಿ ನೀರಲ್ಲಿ ನೆನೆಹಾಕಿ ಆ ನೀರು ಚೆಲ್ಲಬೇಕು. ಮತ್ತೆ ಬೇಯಿಸಿ ಆ ನೀರನ್ನೂ ಬಸಿದುಬಿಡಬೇಕು. ಬಸಿದ ಕಟ್ಟಿನ ಸಾರಿನಲ್ಲಿ ಬೆಳೆದ ನಮಗೆ ಆ ಕಟ್ಟನ್ನು ಬಚ್ಚಲಿಗೆ ಸುರಿಯುವಾಗ ಕೈ ಬರುವುದಿಲ್ಲ. ಅಮ್ಮ ಇದ್ದಿದ್ದರೆ ಬೈಯುತ್ತಿದ್ದಳು. ಮೈದುನ ಈಗಲೂ ತಿಪಟೂರಿನಿಂದ ಬರುವಾಗ ಅಭ್ಯಾಸಬಲದಿಂದ ನಾಲ್ಕು ಎಳನೀರು ತರುತ್ತಾನೆ, ನಾನು ಅದನ್ನು ಪಕ್ಕದ ಮನೆಯವರಿಗೆ ದಾಟಿಸುತ್ತೇನೆ.

ಹೋದ ಮಳೆಗಾಲದಲ್ಲಿ ಒಂದು ಸಂಜೆ ಡಯಾಲಿಸಿಸ್ ಮುಗಿಸಿಕೊಂಡು ಬರುವಾಗ ಸಂತೆಯ ಹತ್ತಿರ ಆಟೋ ನಿಲ್ಲಿಸು ಎಂದಳು. ಬುಟ್ಟಿ ತುಂಬ ಹಸಿರು ಮಾಡಹಾಗಲ. ಒಂದನ್ನು ತೆಗೆದು ಬೆಳಕಿಗೆ ಹಿಡಿದು ತಿರುಗಿಸಿ ನೋಡಿದಳು.

‘ಇದೇ ಅಲ್ವೇನೆ ನನ್ನ ಮೈಯಲ್ಲಿ ಓಡಾಡೋದು?’

‘ಇದಕ್ಕಿಂತ ಸ್ವಲ್ಪ ಸಣ್ಣದು.’

‘ಕಾಲು ಕೆ.ಜಿ. ತಗೊ. ಎರಡು ಸಲ ನೀರು ಚೆಲ್ಲಿ ಪಲ್ಯ ಮಾಡು. ನಂಗೆ ಎರಡೇ ಚಮಚ ಹಾಕು, ಸಾಕು.’

ಅಂದು ರಾತ್ರಿ ಮೂರನೆಯ ಚಮಚಕ್ಕೆ ಅವಳು ತಟ್ಟೆ ಮುಂದೆ ಸರಿಸಿದಳು. ನಾನು ಹಾಕಲಿಲ್ಲ.